ಶುಕ್ರವಾರದ ಪಿಡಿಎಫ್

ಪ್ರತಿ ಶುಕ್ರವಾರ ಸಂಜೆ 4.30ರ ಸುಮಾರಿಗೆ ನನ್ನ ಫೋನ್ ಒಮ್ಮೆ ಸದ್ದು ಮಾಡುತ್ತೆ. ಮಗಳ ಶಾಲೆಯ ಆ್ಯಪ್. ಒಳಗೆ ಎರಡು ಪುಟದ ಪಿಡಿಎಫ್. ಹೆಸರು ‘ವೀಕ್ಲಿ ಲರ್ನಿಂಗ್ ಅಪ್‌ಡೇಟ್’. ಆ ವಾರ ಎರಡನೇ ಕ್ಲಾಸಿನಲ್ಲಿ ಏನೇನು ಕಲಿಸಿದರು ಅಂತ ಅಪ್ಪ ಅಮ್ಮಂದಿರಿಗೆ ತಿಳಿಸೋ ಪತ್ರ. ಬೆಂಗಳೂರಲ್ಲಿದ್ದು ಮಕ್ಕಳನ್ನ ಪ್ರೈವೇಟ್ ಸ್ಕೂಲಿಗೆ ಕಳಿಸ್ತಿದ್ರೆ ನಿಮಗೂ ಇಂಥದ್ದೊಂದು ಬರ್ತಿರಬಹುದು. ನಾನು ಅದನ್ನ ಸಾಮಾನ್ಯವಾಗಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಓದ್ತೀನಿ. ಓದೋಕೆ ಅಲ್ಲಿ ಟೈಮ್ ಸಿಗುತ್ತೆ.

ಎರಡು ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ಪಿಡಿಎಫ್ ಓದಿದ್ದೀನಿ. ಇಷ್ಟು ಕಾದಂಬರಿ ಓದಿದ್ರೆ ಯಾರಾದ್ರೂ ವಿಮರ್ಶೆ ಬರೀತಿದ್ರು. ನಮ್ಮ ವಯಸ್ಸಿನ ಅಪ್ಪ ಅಮ್ಮಂದಿರು ವಾರಾವಾರ ತಪ್ಪದೆ ಓದೋ ಬರವಣಿಗೆ ಅಂದ್ರೆ ಬಹುಶಃ ಇದೊಂದೇ. ಹಾಗಾಗಿ ಇದಕ್ಕೂ ಒಂದು ವಿಮರ್ಶೆ ಇರಲಿ.

ಮೊದಲು ಒಳ್ಳೆಯದನ್ನ ಹೇಳಿಬಿಡ್ತೀನಿ. ಸೋಮವಾರ ಹಳದಿ ಬಟ್ಟೆ, ಬುಧವಾರ ಒಂದು ಎಲೆ ತರಬೇಕು, ಶನಿವಾರ ರಜೆ, ಇಂಥ ವಿಷಯದಲ್ಲಿ ಈ ಪಿಡಿಎಫ್ ಎಂದೂ ಕೈಕೊಟ್ಟಿಲ್ಲ. ಫೋಟೋಗಳೂ ಚೆಂದ. ಮಗಳು ಕೈಗೆಲ್ಲ ಬಣ್ಣ ಮೆತ್ಕೊಂಡು ನಗ್ತಿರೋ ಒಂದು ಫೋಟೋ ನನ್ನ ಹೆಂಡತಿಯ ಫೋನಿನ ವಾಲ್‌ಪೇಪರ್ ಆಗಿದೆ. ‘ಇವತ್ತು ಸ್ಕೂಲಲ್ಲಿ ಏನಾಯ್ತು’ ಅಂದ್ರೆ ‘ಏನಿಲ್ಲ’ ಅನ್ನೋ ಮಗುವಿನ ಹತ್ರ ‘ಎರೆಹುಳ ನೋಡಿದ್ರಂತೆ?’ ಅಂತ ಮಾತು ಶುರು ಮಾಡೋಕೂ ಇದರಿಂದ ಅನುಕೂಲ.

ತೊಂದರೆ ಇರೋದು ನಡುವಿನ ಟೇಬಲ್ಲಿನಲ್ಲಿ. ಅದರಲ್ಲಿ ಸಬ್ಜೆಕ್ಟಿಗೆ ಒಂದು ಸಾಲು. ಅಲ್ಲಿನ ಕ್ರಿಯಾಪದಗಳನ್ನ ಒಮ್ಮೆ ಗಮನಿಸಿ. ಮಕ್ಕಳಿಗೆ ಕಳೆಯುವ ಲೆಕ್ಕ ‘ಇಂಟ್ರೊಡ್ಯೂಸ್’ ಆಯ್ತು. ಗಿಡದ ಭಾಗಗಳನ್ನ ‘ಎಕ್ಸ್‌ಪ್ಲೋರ್’ ಮಾಡಿದ್ರು. ಕಥೆಯನ್ನ ‘ಎಂಜಾಯ್’ ಮಾಡಿದ್ರು. ಒತ್ತಕ್ಷರಗಳನ್ನ ‘ರೀಇನ್‌ಫೋರ್ಸ್’ ಮಾಡಲಾಯ್ತು. ಸರ್ಕಾರಿ ಪತ್ರದಲ್ಲಿ ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಅಂತ ಇರುತ್ತಲ್ಲ, ಅದೇ ಜಾತಿಯ ವಾಕ್ಯಗಳು. ಯಾರು ಮಾಡಿದ್ರು, ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಒಂದೂ ಗೊತ್ತಾಗಲ್ಲ. ಅರವತ್ತು ಪಿಡಿಎಫ್‌ನಲ್ಲಿ ಒಂದು ಮಗುವೂ ತಪ್ಪು ಮಾಡಿಲ್ಲ, ಒಂದು ಪಾಠವೂ ಮುಂದಿನ ವಾರಕ್ಕೆ ಉಳಿದಿಲ್ಲ. ಏಳು ವರ್ಷದ ಮೂವತ್ತೆರಡು ಮಕ್ಕಳಿರೋ ಕೋಣೆಯಲ್ಲಿ ಇದು ಸಾಧ್ಯಾನಾ?

ಇಷ್ಟು ದಿನ ನಾನೂ ಇದನ್ನ ಕೇಳಿರಲಿಲ್ಲ. ಕೇಳೋ ಹಾಗೆ ಮಾಡಿದ್ದು ಅವ್ವ.

ಕಳೆದ ಸಂಕ್ರಾಂತಿಗೆ ಅವ್ವ ಊರಿಂದ ಬಂದು ಒಂದು ತಿಂಗಳು ನಮ್ಮ ಜೊತೆ ಇದ್ರು. ಅವ್ವ ಓದಿರೋದು ನಾಲ್ಕನೇ ಕ್ಲಾಸು. ಸಂಜೆ ಮೊಮ್ಮಗಳನ್ನ ಕೂರಿಸ್ಕೊಂಡು ಕನ್ನಡ ಪುಸ್ತಕ ಓದಿಸೋರು. ಮಗಳು ಪಾಠವನ್ನ ಗಿಣಿ ಹಾಗೆ ಓದ್ತಿದ್ಲು. ನಾನು ಲ್ಯಾಪ್‌ಟಾಪ್ ಹಿಂದೆ ಕೂತು ಕೇಳಿ ಖುಷಿ ಪಡ್ತಿದ್ದೆ. ನಾಲ್ಕನೇ ದಿನ ಅವ್ವ ಅಡುಗೆಮನೆಗೆ ಕರೆದು ಮೆತ್ತಗೆ ಹೇಳಿದ್ರು: “ಮಗು ಓದ್ತಿಲ್ಲ ಕಣೋ. ಬಾಯಿಪಾಠ ಹೇಳ್ತೈತೆ. ನಡುವೆ ಒಂದು ಪದದ ಮೇಲೆ ಬೆರಳಿಟ್ಟು ಕೇಳು, ಮೊದಲಿಂದ ಶುರು ಮಾಡ್ತೈತೆ.”

ನಾನು ನಂಬಲಿಲ್ಲ. ಹೋಗಿ ಮೂರನೇ ಸಾಲಿನ ‘ಹಕ್ಕಿ’ ಮೇಲೆ ಬೆರಳಿಟ್ಟೆ. ಮಗಳು ನನ್ನ ಮುಖ ನೋಡಿದ್ಲು, ಪುಟದ ಮೇಲಿಂದ ರಾಗವಾಗಿ ಶುರು ಮಾಡಿ ‘ಹಕ್ಕಿ’ ಬಂದಾಗ ನಿಲ್ಲಿಸಿದ್ಲು. ಅದೇ ಪದವನ್ನ ಬೇರೆ ಹಾಳೆಯಲ್ಲಿ ಬರೆದು ತೋರಿಸಿದೆ. ‘ಹ... ಕಿ’ ಅಂದು ಸುಮ್ಮನಾದ್ಲು. ಕಣ್ಣಲ್ಲಿ ನೀರು.

ಆ ರಾತ್ರಿ ಹಳೇ ಪಿಡಿಎಫ್‌ಗಳನ್ನೆಲ್ಲ ತೆಗೆದು ಕನ್ನಡದ ಸಾಲು ಮಾತ್ರ ಓದ್ತಾ ಹೋದೆ. ಹನ್ನೊಂದು ವಾರದಲ್ಲಿ ಒತ್ತಕ್ಷರದ ಮಾತು ಐದು ಸಲ ಬಂದಿತ್ತು. ಪರಿಚಯ ಆಗಿದೆ, ಅಭ್ಯಾಸ ಆಗಿದೆ, ಆಟದ ಮೂಲಕ ಪುನರಾವರ್ತನೆ ಆಗಿದೆ. ಎಲ್ಲವೂ ನಿಜವೇ ಇರಬೇಕು. ಟೀಚರ್ ಕಲಿಸಿದ್ದನ್ನ ಕಲಿಸಿದೆ ಅಂತ ಬರೆದಿದ್ದಾರೆ. ಒಂದು ಸುಳ್ಳೂ ಇಲ್ಲ, ಆದರೆ ನನಗೆ ಬೇಕಾದ ಒಂದು ಸುದ್ದಿಯೂ ಇಲ್ಲ. ಕಲಿಸಿದ್ದು ಬೇರೆ, ಕಲಿತದ್ದು ಬೇರೆ. ಹನ್ನೊಂದು ಪಿಡಿಎಫ್ ಹೇಳದೇ ಇದ್ದದ್ದನ್ನ ಅವ್ವನ ಒಂದು ಬೆರಳು ಹೇಳಿತ್ತು.

ನಮ್ಮ ಫೀಲ್ಡಿನವರಿಗೆ ಇದು ಹೊಸದಲ್ಲ. ಸ್ಟೇಟಸ್ ರಿಪೋರ್ಟಿಗೂ ಡೆಮೋಗೂ ಇರೋ ವ್ಯತ್ಯಾಸ ಇದೇ. ‘ಲಾಗಿನ್ ಮಾಡ್ಯೂಲ್ ಮೇಲೆ ಕೆಲಸ ಮಾಡಲಾಯ್ತು’ ಅನ್ನೋದು ರಿಪೋರ್ಟು. ‘ಬನ್ನಿ, ನೀವೇ ಲಾಗಿನ್ ಆಗಿ ನೋಡಿ’ ಅನ್ನೋದು ಡೆಮೋ. ಹೊರಗೆ ಹಸಿರು, ಕೊಯ್ದರೆ ಕೆಂಪು ಇರೋ ಪ್ರಾಜೆಕ್ಟಿಗೆ ನಾವು ಕಲ್ಲಂಗಡಿ ಅಂತೀವಿ. ಆಫೀಸಲ್ಲಿ ಇಂಥ ರಿಪೋರ್ಟ್ ಬಂದ್ರೆ ಹತ್ತು ಪ್ರಶ್ನೆ ಕೇಳೋ ನಾನು, ಮಗಳ ವಿಷಯದಲ್ಲಿ ಥಂಬ್ಸ್ ಅಪ್ ಹಾಕಿ ಸುಮ್ಮನಿದ್ದೆ.

ಅಪ್ಪ ಅಮ್ಮಂದಿರಿಗೆ ಏನು ತಿಳಿಸಬೇಕು ಅನ್ನೋದು ಕಾನೂನಿನಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನ ಹೇಳುತ್ತೆ. ನಿಯಮಿತವಾಗಿ ಪೋಷಕರ ಸಭೆ ನಡೆಸಿ, ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆಗಿರೋ ಪ್ರಗತಿ ಇವನ್ನ ತಿಳಿಸಬೇಕು ಅನ್ನೋದು ಅವುಗಳಲ್ಲಿ ಒಂದು. ಗಮನಿಸಿ, ಅಲ್ಲಿರೋದು ಮಗುವಿನ ಪ್ರಗತಿ. ಎಷ್ಟು ಪಾಠ ಮುಗೀತು ಅನ್ನೋದಲ್ಲ.

ಇದನ್ನ ಮಾಡಿ ತೋರಿಸೋಕೆ ಆ್ಯಪ್ ಬೇಕಿಲ್ಲ. ಫೆಬ್ರವರಿಯಲ್ಲಿ ಜಾತ್ರೆಗೆ ಅಂತ ಊರಿಗೆ ಹೋದಾಗ ಅಕ್ಕನ ಜೊತೆ ಅವಳ ಮಗನ ಶಾಲೆಗೆ ಹೋಗಿದ್ದೆ. ಅರಸೀಕೆರೆ ಕಡೆಯ ಸರ್ಕಾರಿ ಶಾಲೆ. ಅವನೂ ಎರಡನೇ ಕ್ಲಾಸು, ಕೂರೋದು ನಲಿ-ಕಲಿ ಕೋಣೆಯಲ್ಲಿ. ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಎಚ್.ಡಿ. ಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ರಿಷಿ ವ್ಯಾಲಿಯ ಪದ್ಧತಿಯನ್ನ ನೋಡಿ ಬಂದ ನಮ್ಮ ಶಿಕ್ಷಕರೇ ಕಾರ್ಡುಗಳನ್ನ ತಯಾರು ಮಾಡಿದ್ರು. ಆಮೇಲೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಇಡೀ ಕ್ಲಾಸು ಒಂದೇ ಪುಟದಲ್ಲಿರೋ ಪ್ರಶ್ನೆ ಇಲ್ಲಿಲ್ಲ. ಕಲಿಕೆಯ ಏಣಿ ಅಂತ ಒಂದಿದೆ, ಅದರಲ್ಲಿ ಮೈಲಿಗಲ್ಲುಗಳಿವೆ. ಪ್ರತಿ ಮಗು ತನ್ನ ಮೆಟ್ಟಿಲಿನ ಕಾರ್ಡ್ ತಗೊಂಡು ಕೂರುತ್ತೆ. ಗೋಡೆ ಮೇಲೆ ‘ಪ್ರಗತಿ ನೋಟ’ ಅನ್ನೋ ಚಾರ್ಟು. ಮಗುವಿನ ಹೆಸರು, ಅದು ದಾಟಿರೋ ಮೆಟ್ಟಿಲುಗಳ ಗುರುತು.

ಅಕ್ಕ ಅದರ ಮುಂದೆ ನಿಂತು ಒಂದೇ ನೋಟಕ್ಕೆ ಹೇಳಿದ್ಲು: “ದೀಪಾವಳೀಲೂ ಇಲ್ಲೇ ಇದ್ದ, ಈಗ್ಲೂ ಇಲ್ಲೇ ಅವ್ನೆ. ಯಾಕೆ ಮೇಡಂ?” ಮೇಡಮ್ಮೂ ಮುಚ್ಚಿಡಲಿಲ್ಲ. ಎರಡು ವಾರ ಜ್ವರ ಅಂತ ಬರಲಿಲ್ಲ, ಆಮೇಲೆ ಕಳೆಯುವ ಲೆಕ್ಕದಲ್ಲಿ ದಶಕ ಬಿಡಿಸೋದು ಹಿಡಿತಕ್ಕೆ ಸಿಕ್ಕಿಲ್ಲ, ಮನೇಲಿ ಹುಣಸೆಬೀಜ ಹತ್ತು ಹತ್ತು ಗುಡ್ಡೆ ಮಾಡಿ ಆಡಿಸಿ ಅಂದ್ರು. ಮಾತು ಮುಗೀತು. ಎರಡು ನಿಮಿಷ ಹಿಡಿದಿರಬಹುದು. ನನ್ನ ಅರವತ್ತು ಪಿಡಿಎಫ್‌ನಲ್ಲಿ ಇಂಥ ಎರಡು ನಿಮಿಷ ಒಂದೂ ಇರಲಿಲ್ಲ.

ಊರಿನ ಶಾಲೆ ಸ್ವರ್ಗ ಅಂತ ಹೇಳ್ತಿಲ್ಲ. ಒಂದೇ ಕೋಣೆಯಲ್ಲಿ ಬೇರೆ ಬೇರೆ ಕ್ಲಾಸಿನ ಮಕ್ಕಳು, ಒಬ್ಬರೇ ಟೀಚರು. ಚಾರ್ಟು ಒಳಗಿನ ಗೋಡೆ ಮೇಲಿದೆ, ಕೂಲಿಗೆ ಹೋಗೋ ಅಪ್ಪ ಅಮ್ಮಂದಿರು ಆ ಗೋಡೆ ತನಕ ಬರೋದೇ ಅಪರೂಪ. ಯಾವ ಮಗು ಹಿಂದಿದೆ ಅನ್ನೋದು ಎಲ್ಲರಿಗೂ ಕಾಣುತ್ತೆ, ಅದೂ ಒಂದು ಹಿಂಸೆಯೇ. ಅಕ್ಕನೇ ಮೊದಲ ವರ್ಷ ಗಾಬರಿಯಾಗಿದ್ಲಂತೆ. ನಲಿ-ಕಲಿಯಲ್ಲಿ ಅಕ್ಷರ ಅ ಆ ಇ ಈ ಅಂತ ಶುರುವಾಗಲ್ಲ, ರ ಗ ಸ ದ ಅ ಅಂತ ಶುರುವಾಗುತ್ತೆ. ಆ ಐದೇ ಅಕ್ಷರದಲ್ಲಿ ಸರ, ದರ, ಅರಸ, ಗರಗಸ ಅಂತ ಮಗು ಬೇಗ ಪದ ಓದೋಕೆ ಹತ್ತುತ್ತೆ ಅನ್ನೋದು ಅದರ ಹಿಂದಿನ ಲೆಕ್ಕ. ಅದನ್ನ ಮನೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. “ಅ ಆ ಇ ಈನೇ ಬರಲ್ಲ, ಇದೆಂಥ ಸ್ಕೂಲು” ಅಂತ ಮಗನನ್ನ ಬಿಡಿಸೋಕೆ ಹೊರಟಿದ್ಲು. ಒಳ್ಳೇ ಪದ್ಧತಿಯೂ ಮನೆಗೆ ಸುದ್ದಿ ಮುಟ್ಟಿಸದೇ ಇದ್ರೆ ಸೋಲುತ್ತೆ.

ಅವ್ವನ ಬೆರಳನ್ನೇ ದೊಡ್ಡದು ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ‘ಪ್ರಥಮ್’ ಸಂಸ್ಥೆ 2005ರಿಂದ ನಡೆಸ್ತಾ ಬಂದಿರೋ ‘ಅಸರ್’ ಸಮೀಕ್ಷೆ. ಸ್ವಯಂಸೇವಕರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಡ್ತಾರೆ. ಅದರಲ್ಲಿ ಅಕ್ಷರ, ಪದ, ಒಂದು ಸಣ್ಣ ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಒಂದು ಕಥೆ. ಮಗು ಎಲ್ಲಿ ತನಕ ಓದುತ್ತೆ ನೋಡ್ತಾರೆ, ಅಷ್ಟೇ. ವರದಿ ಬಂದಾಗಲೆಲ್ಲ ಟಿವಿಯಲ್ಲಿ ಶೇಕಡಾವಾರು ಲೆಕ್ಕದ ಗಲಾಟೆ ಆಗುತ್ತೆ. ನನಗೆ ಮುಖ್ಯ ಅನ್ನಿಸೋದು ಬೇರೆ. ಆ ಪರೀಕ್ಷೆ ನಡೆಯೋದು ಮನೆಯಲ್ಲಿ, ಅಲ್ಲೇ ಇರೋ ಅಮ್ಮ ಅದನ್ನ ನೋಡಬಹುದು. ಅಮ್ಮನಿಗೆ ಓದು ಬರದೇ ಇದ್ರೂ ಮಗು ಎಲ್ಲಿ ನಿಂತಿತು ಅಂತ ಗೊತ್ತಾಗುತ್ತೆ. ನಮ್ಮ ಪಿಡಿಎಫ್ ಇರೋದು ಇಂಗ್ಲಿಷಿನಲ್ಲಿ. ನಾವಿಬ್ಬರೂ ಆಫೀಸಲ್ಲಿದ್ದಾಗ ಮಗಳ ಜೊತೆ ಇರೋ ಅವ್ವನಿಗೆ ಅದರ ಒಂದು ಸಾಲೂ ತಲುಪಲ್ಲ.

ಇಷ್ಟನ್ನೂ ತಲೆಯಲ್ಲಿ ತುಂಬಿಕೊಂಡು, ಸಿಟ್ಟಲ್ಲೇ ಟೀಚರ್ ಹತ್ರ ಅಪಾಯಿಂಟ್‌ಮೆಂಟ್ ತಗೊಂಡೆ. ನೋಡಿದ್ರೆ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ನಾನು ಹೇಳಿದ್ದೆಲ್ಲ ಕೇಳಿ, “ಗೊತ್ತು ಸರ್, ಒತ್ತಕ್ಷರ ಅವಳಿಗೆ ಕಷ್ಟ. ಇನ್ನೂ ಒಂಬತ್ತು ಮಕ್ಕಳಿಗೆ ಹಾಗೇ ಇದೆ” ಅಂದ್ರು. ಗೊತ್ತಿತ್ತಂತೆ! ಮತ್ತೆ ಯಾಕೆ ಬರೀಲಿಲ್ಲ ಮೇಡಂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಟೆಂಪ್ಲೇಟು ಕೋಆರ್ಡಿನೇಟರ್ ಕೊಡ್ತಾರೆ, ಪ್ರತಿ ಸಾಲನ್ನೂ ಅವರು ನೋಡಿದ ಮೇಲೇ ಕಳಿಸೋದು ಅಂದ್ರು. ಆಮೇಲೆ, “ನಿಜ ಬರೆದ್ರೆ ಫೋನ್ ಬರುತ್ತೆ ಸರ್” ಅಂದ್ರು.

ಅಲ್ಲಿಗೆ ನನ್ನ ಸಿಟ್ಟು ಇಳೀತು. ಯಾಕಂದ್ರೆ ಆ ಫೋನ್ ಮಾಡೋರಲ್ಲಿ ನಾನೂ ಒಬ್ಬ. ಹಿಂದಿನ ವರ್ಷ, ಒಂದನೇ ಕ್ಲಾಸಿನ ಟೀಚರ್ ಮೊದಲ ಟರ್ಮಿನ ರಿಪೋರ್ಟಿನಲ್ಲಿ ಒಂದು ಸಾಲು ಬರೆದಿದ್ರು. ಓದುವಾಗ ಪದಗಳನ್ನ ಊಹಿಸ್ತಾಳೆ, ಮನೆಯಲ್ಲಿ ಸಹಾಯ ಬೇಕು ಅಂತ. ನಾನು ರಾತ್ರಿ ಹನ್ನೊಂದಕ್ಕೆ ಕೂತು ಮೇಲ್ ಬರೆದಿದ್ದೆ. ಯಾವ ಡೇಟಾ ಮೇಲೆ ಹೀಗೆ ಹೇಳ್ತೀರಿ, ಇಷ್ಟು ಫೀಸು ತಗೊಂಡು ಕಲಿಸೋ ಜವಾಬ್ದಾರಿ ಯಾರದು ಅಂತ ನಾಲ್ಕು ಪ್ಯಾರಾ. ಕೋಆರ್ಡಿನೇಟರ್‌ಗೆ ಸಿಸಿ ಬೇರೆ. ಮರುದಿನ ಕ್ಷಮೆ ಕೇಳಿ ಉತ್ತರ ಬಂತು, ಗೆದ್ದೆ ಅಂದ್ಕೊಂಡೆ. ಎರಡನೇ ಟರ್ಮಿನ ರಿಪೋರ್ಟಿನಲ್ಲಿ ಮಗಳು ‘ಎ ಜಾಯ್‌ಫುಲ್ ಲರ್ನರ್’ ಆಗಿದ್ಲು. ಒಂದು ವರ್ಷ ಮೊದಲೇ ಒಬ್ಬರು ನನಗೆ ಡೆಮೋ ಕೊಟ್ಟಿದ್ರು. ಅವರ ಬಾಯಿ ಮುಚ್ಚಿಸಿ ಸ್ಟೇಟಸ್ ರಿಪೋರ್ಟ್ ತರಿಸಿಕೊಂಡೋನು ನಾನೇ.

ಹಾಗಾಗಿ ಈ ಪಿಡಿಎಫ್ ಬರೆದಿರೋದು ಬರೀ ಶಾಲೆಯಲ್ಲ, ನಾವೂ ಸೇರಿ ಬರೆದಿದ್ದೀವಿ. ಕಹಿ ಸುದ್ದಿ ತಂದವರನ್ನ ಬೈದ್ರೆ ಮುಂದಿನ ಸಲ ಸಿಹಿ ಸುದ್ದಿ ಮಾತ್ರ ಬರುತ್ತೆ. ಇದಕ್ಕೆ ಶಾಲೆಯೂ ಹೊಣೆ ಅನ್ನಿ. ಟೀಚರ್ ಬೆನ್ನಿಗೆ ನಿಲ್ಲೋದು ಬಿಟ್ಟು, ಫೋನ್ ಬರದ ಹಾಗೆ ಟೆಂಪ್ಲೇಟ್ ಮಾಡಿಕೊಂಡಿದೆ. ಅಪ್ಪ ಅಮ್ಮಂದಿರನ್ನ ಕಸ್ಟಮರ್ ಅಂದ್ಕೊಂಡ್ರೆ ತಿಳಿಸೋದು ನಿಲ್ಲುತ್ತೆ, ಸಮಾಧಾನ ಮಾಡೋದು ಶುರುವಾಗುತ್ತೆ.

ನಾನು ಟೀಚರ್ ಹತ್ರ ಕೇಳಿದ್ದು ಮೂರೇ ವಿಷಯ. ಮಗಳಿಗೆ ಈಗ ಏನು ಬರುತ್ತೆ? ಎಲ್ಲಿ ತಡವರಿಸ್ತಾಳೆ? ಮನೇಲಿ ಹತ್ತು ನಿಮಿಷ ಏನು ಮಾಡಬೇಕು? ಅವರು ತಕ್ಷಣ ಲೆಕ್ಕ ಹಾಕಿದ್ರು. ಮೂವತ್ತೆರಡು ಮಕ್ಕಳಿಗೆ ವಾರಾವಾರ ಆಗಲ್ಲ. ವಾರಕ್ಕೆ ಎಂಟು ಮಕ್ಕಳು ಅಂದ್ರೆ ಆಗುತ್ತೆ, ನಾಲ್ಕು ವಾರಕ್ಕೊಮ್ಮೆ ಪ್ರತಿ ಮಗುವಿನ ಸರದಿ. ಸ್ಪ್ರಿಂಟ್ ಪ್ಲಾನಿಂಗಿನಲ್ಲಿ ನಾವು ಒಂದು ಗಂಟೆ ಜಗಳ ಆಡಿ ಮಾಡೋ ಕೆಲಸ ಅದು. “ಪಿಡಿಎಫ್‌ನಲ್ಲಿ ಬೇಡ ಸರ್, ಕನ್ನಡ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೀತೀನಿ” ಅಂದ್ರು.

ಮೊದಲ ಸಾಲು ಮಾರ್ಚ್‌ನಲ್ಲಿ ಬಂತು. ಕನ್ನಡದಲ್ಲಿ, ಪೆನ್ಸಿಲ್ಲಿನಲ್ಲಿ: ‘ಅಕ್ಕ, ಹಕ್ಕಿ, ಬೆಕ್ಕು ಸರಿಯಾಗಿ ಓದುತ್ತಾಳೆ. ಪುಸ್ತಕ, ಚಂದ್ರ ಕಷ್ಟ. ಅಂಗಡಿ ಬೋರ್ಡ್ ಓದಿಸಿ.’ ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. ಅವ್ವ ಫೋನ್ ಮಾಡಿ ಅದನ್ನ ಪೂರ್ತಿ ಓದಿ ಹೇಳಿದ್ರು. ಮಗಳ ಶಾಲೆಯಿಂದ ಬಂದ ಬರವಣಿಗೆಯಲ್ಲಿ ಅವ್ವ ಓದಿದ ಮೊದಲ ಸಾಲು ಅದು.

ಪೆನ್ಸಿಲ್ ಯಾಕೆ ಅಂತ ಆಮೇಲೆ ಹೊಳೀತು. ಯಾರಾದ್ರೂ ಗಲಾಟೆ ಮಾಡಿದ್ರೆ ಅಳಿಸಬಹುದಲ್ಲ. ಮೂವತ್ತೆರಡು ಮನೆಗೂ ಅಂಥ ಸಾಲು ಹೋಗ್ತಿದೆ. ನಿಮ್ಮ ಮನೆಗೂ ಒಂದು ಬಂದ್ರೆ, ಓದಿ ಚುರುಕ್ ಅಂದ್ರೆ, ದಯವಿಟ್ಟು ಆ ರಾತ್ರಿ ಮೇಲ್ ಬರೀಬೇಡಿ. ಬೆಳಿಗ್ಗೆ ಮಗುವನ್ನ ಕೂರಿಸ್ಕೊಂಡು ಒಂದು ಪದದ ಮೇಲೆ ಬೆರಳಿಟ್ಟು ನೋಡಿ. ಆಮೇಲೂ ಬರೀಬೇಕು ಅನ್ನಿಸಿದ್ರೆ ಥ್ಯಾಂಕ್ಸ್ ಅಂತ ಬರೀರಿ. ಬೇಕಾದ್ರೆ ಕೋಆರ್ಡಿನೇಟರ್‌ಗೂ ಸಿಸಿ ಹಾಕಿ.