ಖಾಲಿ ಸೈಟಿನ ತುಂಬೆ

ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಗೋಪನಕೊಪ್ಪದ ಖಾಲಿ ಸೈಟುಗಳಲ್ಲಿ ತುಂಬೆ ಏಳುತ್ತದೆ. ಹೊಲ ಹೋಗಿ ಲೇಔಟ್ ಬಂದರೂ ಎರೆಮಣ್ಣು ತನ್ನ ಗುಣ ಬಿಟ್ಟಿಲ್ಲ. ಸೋಮವಾರ ಬೆಳಿಗ್ಗೆ ಶಿವಪೂಜೆಗೆಂದು ಬುಟ್ಟಿ ಹಿಡಿದು ಬಂದವರು ಒಂದು ಹಿಡಿ ಹೂ ಬಿಡಿಸಿಕೊಂಡು ಹೋಗುತ್ತಾರೆ. ಶಾಲೆಗೆ ಹೊರಟ ಹುಡುಗರು ಹೂವಿನ ಬುಡ ಚೀಪಿ ಎಸೆಯುತ್ತಾರೆ. ನಾಲಿಗೆಯ ತುದಿಗೆ ತಾಗುವ ಆ ಹನಿ ಸಿಹಿಗೇ ಜೇನುಗಳೂ ಮುಗಿಬೀಳುವುದು.

ಕುಕ್ಕರಗಾಲಲ್ಲಿ ಕೂತು ಹತ್ತಿರದಿಂದ ನೋಡಬೇಕು. ತುಳಸಿಯ ಬಳಗದ್ದು, ಹಾಗಾಗಿ ದಂಟು ಚೌಕ. ಗಿಣ್ಣುಗಿಣ್ಣಿಗೂ ಹಸಿರು ಉಂಡೆ. ಅದರೊಳಗಿಂದ ಇಣುಕುವ ಅಚ್ಚ ಬಿಳಿ ಹೂ, ಉದ್ದ ಹೆಚ್ಚೆಂದರೆ 1 ಸೆಂ.ಮೀ. ಆಸುಪಾಸು. ಪ್ರತಿ ಹೂವಿಗೂ ಎರಡು ತುಟಿ. ಕೆಳತುಟಿ ಅಗಲ, ಮನೆ ಮುಂದಿನ ಜಗುಲಿಯ ಹಾಗೆ ಚಾಚಿಕೊಂಡಿದೆ. ಮೇಲ್ತುಟಿ ಗಿಡ್ಡ, ಮೈತುಂಬ ಬಿಳಿ ರೋಮ. ಅದರಡಿಯಲ್ಲಿ ಕೇಸರ, ಶಲಾಕೆ ಎರಡೂ ಅಡಗಿವೆ. ಮಕರಂದವಿರುವುದು ಕೊಳವೆಯ ತಳದಲ್ಲಿ. ಜೇನು ಕೆಳತುಟಿಯ ಮೇಲಿಳಿದು ತಲೆ ತೂರಿಸಿತೋ, ಪರಾಗ ತಲೆಗೆ, ಬೆನ್ನಿಗೆ ಮೆತ್ತಿಕೊಂಡಿತು. ಮುಂದಿನ ಹೂವಿಗೆ ಅದೇ ಮೈಯಲ್ಲಿ ಹೋಗುತ್ತದೆ. ಇಷ್ಟು ಪುಟ್ಟ ಹೂವಿನಲ್ಲಿ ಎಷ್ಟು ಚೊಕ್ಕ ಏರ್ಪಾಡು!

ಬಿಸಿಲೇರಿದಂತೆ ತುಡುವೆ, ಕೋಲ್ಜೇನು, ಸಣ್ಣ ಚಿಟ್ಟೆಗಳೆಲ್ಲ ಬರುತ್ತವೆ. ನನಗೆ ಬಲು ಪ್ರೀತಿ ನೀಲಿ ಪಟ್ಟೆಯ ಒಂಟಿ ಜೇನಿನ ಮೇಲೆ. ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದನೆಯ ನಾಲಿಗೆ ಚಾಚಿ, ಚಕ್ಕನೆ ಒಳನುಗ್ಗುತ್ತದೆ. ಹುಟ್ಟು ಕಟ್ಟಿ ತುಪ್ಪ ಕೂಡಿಡುವ ಜಾತಿಯಲ್ಲ. ಹೆಣ್ಣು ನೆಲದಲ್ಲೋ ಹಳೇ ಮಣ್ಣಿನ ಗೋಡೆಯಲ್ಲೋ ಬಿಲ ತೋಡಿ ಮೊಟ್ಟೆ ಇಡುತ್ತದೆ. ಗಂಡುಗಳಿಗೆ ಗೂಡಿಲ್ಲ. ಸಂಜೆಯಾದರೆ ಕಡ್ಡಿಯೊಂದನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಒಂದರ ಪಕ್ಕ ಒಂದು ಹಾಗೇ ನಿದ್ದೆ ಹೋಗುತ್ತವೆ.

ಸುತ್ತಲ ಹೊಲಗಳ ಸೂರ್ಯಕಾಂತಿಗೆ, ಕುಸುಬಿಗೆ, ಹಿತ್ತಲ ಹೀರೆ-ಕುಂಬಳಕ್ಕೆ ಇಂಥ ಜೇನುಗಳೇ ದಿಕ್ಕು. ಆದರೆ ಬೆಳೆ ಹೂ ತಳೆಯುವುದು ಕೆಲವೇ ವಾರ. ಮಿಕ್ಕ ದಿನ ಇವುಗಳ ಹೊಟ್ಟೆ ತುಂಬಿಸುವುದು ತುಂಬೆಯಂಥ ಕಾಡುಗಿಡಗಳು. ಅದನ್ನು ಕಸ ಎನ್ನುವುದು ಅನ್ಯಾಯ.

ಸೈಟು ಸ್ವಚ್ಛ ಮಾಡಿಸುವವರು ದಯವಿಟ್ಟು ಕಳೆನಾಶಕ ಹೊಡೆಸಬೇಡಿ. ಬೇಲಿಯಂಚಿನ ಒಂದು ಸಾಲನ್ನಾದರೂ ಬೀಜ ಉದುರುವ ತನಕ ಬಿಡಿ. ಪೂಜೆಗೆ ಬಂದವರು ಗಿಡ ಕೀಳದೆ ಹೂವಷ್ಟೇ ಬಿಡಿಸಿ, ಅರ್ಧ ಜೇನಿಗೆ ಉಳಿಸಿ.