ಕಾಲಿಗೆ ಬಾರದ ಶೂ

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ನಿಂತು ನೋಡಿ. ಕಾಲೇಜು ಹುಡುಗರು ಎದುರಾದಾಗ ಮೊದಲು ಕಣ್ಣು ಹೋಗುವುದು ಒಬ್ಬರು ಇನ್ನೊಬ್ಬರ ಕಾಲಿಗೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಬಜಾರುಗಳಲ್ಲೂ ಇದೇ ಕಥೆ. ಅಲ್ಲಿ ಬಿಕರಿಯಾಗುವ 'ಫಸ್ಟ್ ಕಾಪಿ' ಶೂಗಳ ಮೇಲೆ ಬಣ್ಣ ಎರಚಿದಂತಹ, ಗೋಡೆಬರಹದಂತಹ ಚಿತ್ತಾರಗಳಿರುತ್ತವೆ. ಈ ನಕಲುಗಳ ಅಸಲು ಇರುವುದು ದೂರದ ದೇಶಗಳ ಸಂಗ್ರಹಕಾರರ ಕಪಾಟಿನಲ್ಲಿ. ಬೀದಿ ಕಲಾವಿದರಿಂದ ಚಿತ್ರ ಮಾಡಿಸಿ, ಬೆರಳೆಣಿಕೆಯಷ್ಟೇ ತಯಾರಿಸಿ ಮಾರುವ ಶೂಗಳವು. ಕೊಂಡವರು ಹೆಚ್ಚಾಗಿ ಅವನ್ನು ಮೆಟ್ಟುವುದಿಲ್ಲ, ಡಬ್ಬದಲ್ಲಿಡುತ್ತಾರೆ.

ಇದು ಕಲೆಗೆ ಸಂದ ಗೌರವವೇ? ಎರಡು ಜೋಡಿಗಳನ್ನು ನೋಡೋಣ. ನ್ಯೂಯಾರ್ಕಿನ ಫ್ಯೂಚುರಾ ಒಂದು ಕಾಲದಲ್ಲಿ ಸುರಂಗ ರೈಲುಗಳ ಮೈಮೇಲೆ ಬಣ್ಣ ಸಿಂಪಡಿಸಿ ಹೆಸರು ಮಾಡಿದವರು. 2004ರಲ್ಲಿ ಅವರು ನೈಕಿ ಕಂಪೆನಿಗಾಗಿ ಮಾಡಿದ ಶೂವಿನ ತುಂಬ ನಾನಾ ದೇಶಗಳ ನೋಟುಗಳ ಚಿತ್ರ. ಅದರ ಹೆಸರಿನ ಅರ್ಥವೇ 'ಪ್ರೀತಿಗೋ ಹಣಕ್ಕೋ'. ಕಲಾವಿದ ತನ್ನನ್ನೇ ಕೇಳಿಕೊಂಡ ಪ್ರಾಮಾಣಿಕ ಪ್ರಶ್ನೆಯದು. ಸಂತೆ ಮಾತ್ರ ಉತ್ತರ ಹೇಳಲು ತಡಮಾಡಲಿಲ್ಲ. ಇನ್ನೊಬ್ಬರು ಕಾಸ್. ಬಸ್ ತಂಗುದಾಣಗಳ ಜಾಹೀರಾತುಗಳ ಮೇಲೆ ತಮ್ಮ ಚಿತ್ರ ಬರೆದು ಜಾಹೀರಾತನ್ನೇ ಅಣಕಿಸಿದವರು. 2017ರಲ್ಲಿ ಅವರ ಚಿತ್ರ ಬೂದು ಬಣ್ಣದ 'ಏರ್ ಜೋರ್ಡನ್ 4' ಶೂವಿನ ಮೇಲೆ ಬಂತು. ನೋಡಲು ಸೊಗಸಾದ ಕೆಲಸ, ಸಂದೇಹವಿಲ್ಲ. ಆದರೆ ಜಾಹೀರಾತಿಗೆ ಮಸಿ ಬಳಿದ ಕೈಯೇ ಕೊನೆಗೆ ಕಂಪೆನಿಯ ಗುರುತಾಯಿತು.

ಕಲಾವಿದರನ್ನು ದೂಷಿಸುವುದು ಸುಲಭ. ಗೋಡೆ ಯಾರಿಗೂ ಕೂಲಿ ಕೊಡುವುದಿಲ್ಲ, ಶೂ ಕೊಡುತ್ತದೆ. ಅವರಿಗೆ ಸಿಕ್ಕ ಹಣದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆಮೇಲಿನ ವ್ಯಾಪಾರದ ಬಗ್ಗೆ. ಕೊಂಡವನು ಮುಟ್ಟದೆ ಇಟ್ಟು ಹತ್ತು ಪಟ್ಟು ಬೆಲೆಗೆ ಮಾರಿದರೆ ಆ ಲಾಭದಲ್ಲಿ ಸಾಮಾನ್ಯವಾಗಿ ಕಲಾವಿದನಿಗೂ ಪಾಲಿಲ್ಲ, ಶೂ ಹೊಲಿದ ಕಾರ್ಮಿಕನಿಗೂ ಪಾಲಿಲ್ಲ. ಇಲ್ಲಿ ಬೆಲೆ ಬರುವುದು ಚಿತ್ರಕ್ಕಲ್ಲ, ಕೊರತೆಗೆ. ಅದೂ ಬೇಕೆಂದೇ ಹುಟ್ಟಿಸಿದ ಕೊರತೆ.

ಬೀದಿಯ ಕಲೆ ಬೀದಿಯಲ್ಲೇ ಹೇಗೆ ಗೆಲ್ಲುತ್ತದೆಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. 2015ರಲ್ಲಿ ಮೈಸೂರು ಮೂಲದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಒಂದು ಮೊಸಳೆಯನ್ನು ತಂದಿಟ್ಟರು. ಊರೆಲ್ಲ ನೋಡಿ ನಕ್ಕಿತು, ಗುಂಡಿ ರಿಪೇರಿಯಾಯಿತು. 2019ರಲ್ಲಿ ಗುಂಡಿಬಿದ್ದ ರಸ್ತೆಯಲ್ಲಿ ಚಂದ್ರನ ಮೇಲೆ ನಡೆಯುವಂತೆ ಗಗನಯಾತ್ರಿಯೊಬ್ಬರನ್ನು ನಡೆಸಿದರು. ಗುಂಡಿ ಮುಚ್ಚಿದ ದಿನ ಆ ಕಲಾಕೃತಿಯೂ ಮುಗಿಯಿತು. ಅಳಿಸಿಹೋಗುವುದೇ ಅದರ ಗೆಲುವು. ಅದನ್ನು ಡಬ್ಬದಲ್ಲಿಟ್ಟು ಕಾಯುವವರು ಯಾರು?

ಮೆಟ್ಟದ ಪಾದರಕ್ಷೆ ನಮಗೆ ಹೊಸದಲ್ಲ, ನಿಜ. ಶರಣ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿ ತಂದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ಆ ಗೌರವ ಸಂದದ್ದು ಮಾಡಿದವನಿಗೆ. ಚರ್ಮದ ಕೆಲಸ ಮಾಡುವವರನ್ನು ಊರ ಹೊರಗಿಟ್ಟ ಸಮಾಜದ ಕೆನ್ನೆಗೆ ಬಿದ್ದ ಏಟದು. ಇಂದಿನ ಗಾಜಿನ ಕಪಾಟಿನಲ್ಲಿ ಮಾಡಿದವನ ನೆನಪೇ ಇಲ್ಲ, ಇರುವುದು ಕೊಂಡವನ ಹೆಮ್ಮೆ.

ಇನ್ನೊಂದು ವಿಪರ್ಯಾಸವಿದೆ. ಇಂತಹ ಅನೇಕ ಶೂಗಳ ಅಟ್ಟೆ ಪಾಲಿಯುರೇಥೇನಿನದು. ಗಾಳಿಯ ತೇವ ತಾಗಿ ವರ್ಷಗಳು ಕಳೆದಂತೆ ಅದು ಡಬ್ಬದಲ್ಲಿದ್ದರೂ ಬಿರಿದು ಪುಡಿಯಾಗುತ್ತದೆ. ಮೆಟ್ಟಿದರೆ ಸವೆಯುವ ವಸ್ತು ಮೆಟ್ಟದಿದ್ದರೂ ಉಳಿಯದು. ಕೂಡಿಟ್ಟವನಿಗೆ ಕೊನೆಗೆ ದಕ್ಕುವುದೇನು?

ಮತ್ತೆ ನಮ್ಮ ಊರುಗಳಿಗೆ ಬರೋಣ. ಶಿಡ್ಲಘಟ್ಟದಲ್ಲಿ ಬಿಸಿನೀರಿಗೆ ಬೆರಳದ್ದಿ ಗೂಡಿನಿಂದ ಎಳೆ ತೆಗೆಯುವ ನೂಲು ಬಿಚ್ಚಾಣಿಕೆಯವರ ಹೆಸರು ಯಾವ ರೇಷ್ಮೆ ಸೀರೆಯ ಮೇಲೂ ಇರುವುದಿಲ್ಲ. ಅಂಗಡಿ ಬೋರ್ಡು ಬರೆಯುತ್ತಿದ್ದ ಕಲಾವಿದರ ಪಾಡೂ ಅಷ್ಟೆ. ಕನ್ನಡವನ್ನೂ ಉರ್ದುವನ್ನೂ ಒಂದೇ ಕುಂಚದಲ್ಲಿ, ಒಂದೇ ಅಂದದಲ್ಲಿ ಬರೆಯಬಲ್ಲ ಕೈಗಳವು. ಲಾರಿಯ ಹಿಂಬದಿಯ ಹೂಬಳ್ಳಿ, ಹೋಟೆಲಿನ ಗೋಡೆಯ ಚಿತ್ರ ಅವರದೇ. ಕಂಪ್ಯೂಟರ್, ಫ್ಲೆಕ್ಸ್ ಬಂದು ಆ ಕುಂಚಗಳನ್ನು ಒಣಗಿಸಿದವು. ನಮ್ಮ ಬೀದಿ ಕಲಾವಿದರೆಂದರೆ ಇವರೇ. ಅವರ ಯಾವ ಬೋರ್ಡನ್ನೂ ಯಾರೂ ಸಂಗ್ರಹಿಸಲಿಲ್ಲ, ಗುಜರಿಗೆ ಹಾಕಿದೆವು.

ಬಣ್ಣದ ಶೂ ಬೇಕೆನ್ನುವ ಹುಡುಗರ ಆಸೆಯನ್ನು ಹಳಿಯಲಾರೆ. ಚೆಂದದ ವಸ್ತು ತೊಡಬೇಕೆನ್ನುವುದು ಪಾಪವಲ್ಲ. ಆದರೆ ನ್ಯೂಯಾರ್ಕಿನ ಗೋಡೆಬರಹದ ನಕಲಿಗೇ ಏಕೆ ಹಣ ಕೊಡಬೇಕು? ಬಿಳಿ ಕ್ಯಾನ್ವಾಸ್ ಶೂ ಒಂದು ಜೊತೆ ಕೊಂಡು ಊರಿನ ಹಳೆಯ ಬೋರ್ಡು ಕಲಾವಿದರ ಬಳಿ ಹೋಗಿ. ಕೇಳಿದಷ್ಟು ಕೂಲಿ ಕೊಡಿ, ಅವರ ಹೆಸರನ್ನೂ ಒಂದು ಮೂಲೆಯಲ್ಲಿ ಬರೆಸಿ. ಜಗತ್ತಿನಲ್ಲಿ ಅಂತಹುದು ಒಂದೇ ಜೋಡಿ ಇರುತ್ತದೆ. ಆಮೇಲೆ ಡಬ್ಬದಲ್ಲಿಡಬೇಡಿ. ಮೆಟ್ಟಿ, ನಡೆಯಿರಿ, ಸವೆಸಿ. ಸವೆದ ಮೇಲೆ ಮತ್ತೆ ಅವರ ಬಾಗಿಲಿಗೇ ಹೋಗಿ.