ಒಣಗಿಯೂ ಸಾಯದ ಕಾಳು

ರಾಗಿಕಾಳು ಬಲಿಯುವಾಗ ತನ್ನೊಳಗಿನ ನೀರನ್ನು ತಾನೇ ಬಿಟ್ಟುಕೊಡುತ್ತದೆ. ನೀರಾರಿದ ಜೀವಕೋಶದಲ್ಲಿ ಪೊರೆಗಳು ಒಂದಕ್ಕೊಂದು ಅಂಟಿ, ಪ್ರೋಟೀನುಗಳು ಮುದ್ದೆಗಟ್ಟಿ ಕೆಡಬೇಕು, ಬೀಜದಲ್ಲಿ ಹಾಗಾಗುವುದಿಲ್ಲ. ಸುಕ್ರೋಸ್, ರ‍್ಯಾಫಿನೋಸ್ ಬಗೆಯ ಸಕ್ಕರೆಗಳು ಹರಳುಗಟ್ಟದೆ ಗಾಜಿನಂತೆ ಗಡುಸಾಗಿ, ಎಲ್ಲವನ್ನೂ ಇದ್ದಲ್ಲೇ ಹಿಡಿದಿಡುತ್ತವೆ. 1981ರಲ್ಲಿ ಹತ್ತಿಬೀಜದಲ್ಲಿ ಗುರುತಿಸಲಾದ ಎಲ್‌ಇಎ ಎಂಬ ಪ್ರೋಟೀನುಗಳೂ ಜೊತೆಗೆ ಕಾವಲು ನಿಲ್ಲುತ್ತವೆ. ಇಷ್ಟು ಅಚ್ಚುಕಟ್ಟಾದ ಏರ್ಪಾಡು, ಅದೂ ಇಷ್ಟೇ ಇಷ್ಟು ಕಾಳಿನಲ್ಲಿ! ದೊಡ್ಡ ಗಾತ್ರದ ಹಲಸು, ಮಾವಿನ ಬೀಜಗಳಿಗೆ ಈ ವಿದ್ಯೆ ಒಲಿದಿಲ್ಲ. ಒಣಗಿದರೆ ಸತ್ತೇ ಹೋಗುತ್ತವೆ.

ಹೈದರಾಬಾದಿನ ಮಾದಾಪುರದ ವಾಯವ್ಯಕ್ಕಿರುವ ಪಟಾನ್‌ಚೆರುವಿನಲ್ಲಿ, 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆಯ ಬೀಜಭಂಡಾರ ನಂಬಿರುವುದು ರಾಗಿ, ಜೋಳ, ತೊಗರಿಗಳ ಈ ಗುಣವನ್ನೇ. ಅಲ್ಲಿ ಬಿಸಿಲಿನ ಆತುರವಿಲ್ಲ. ಸುಮಾರು 15 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಶೇ 15ರಷ್ಟು ಆರ್ದ್ರತೆಯಲ್ಲಿ ಬೀಜವನ್ನು ನಿಧಾನವಾಗಿ ಒಣಗಿಸಿ, ದೀರ್ಘಕಾಲದ ಸಂಗ್ರಹವನ್ನು ಮೈನಸ್ 20 ಡಿಗ್ರಿಯಲ್ಲಿಡುತ್ತಾರೆ.